"ಡಿಸ್ಕಸ್ ಅಬೌಟ್" ಯಾಕೆ ತಪ್ಪು? ಇಂಗ್ಲಿಷಿನ ಪದಜೋಡಿಗಳು ಮತ್ತು ಕನ್ನಡಿಗರ ಕೆಲವು ಡೌಟುಗಳು

ಕಚೇರಿಯ ಮೇಲ್‌ನಲ್ಲಿ "ವಿ ವಿಲ್ ಡಿಸ್ಕಸ್ ಅಬೌಟ್ ದಿ ಇಶ್ಯೂ ಟುಮಾರೋ" ಎಂದು ಟೈಪ್ ಮಾಡಿ ನೋಡಿ. ಎಷ್ಟೋ ಸಲ "ಅಬೌಟ್" ಕೆಳಗೆ ಒಂದು ಗೆರೆ ಮೂಡುತ್ತದೆ. ಸ್ಪೆಲಿಂಗ್ ಸರಿಯಿದೆ. ಏಳೂ ಪದ ನಿಘಂಟಿನಲ್ಲಿವೆ. ಓದಿದವರಿಗೆ ಅರ್ಥವೂ ಆಗುತ್ತದೆ. ಆದರೂ ಯಂತ್ರ ತಕರಾರು ತೆಗೆಯುತ್ತದೆ, ಯಾಕೆಂದು ಮಾತ್ರ ಸರಿಯಾಗಿ ಹೇಳುವುದಿಲ್ಲ.

ಇದೇ ತಕರಾರು ಪರೀಕ್ಷೆಯಲ್ಲಿ ಬಂದರೆ ಅಂಕ ಹೋಗುತ್ತದೆ. ವಿದೇಶದಲ್ಲಿ ಓದಲು, ನರ್ಸಿಂಗ್ ಕೆಲಸಕ್ಕೆ, ವೀಸಾಕ್ಕೆ ಎಂದು ಅನೇಕರು ಬರೆಯುವ ಐಇಎಲ್‌ಟಿಎಸ್‌ನಲ್ಲಿ ಬರವಣಿಗೆಯನ್ನೂ ಮಾತನ್ನೂ ನಾಲ್ಕು ಸಮಪಾಲಿನ ಅಳತೆಗಳಲ್ಲಿ ತೂಗುತ್ತಾರೆ. ವ್ಯಾಕರಣಕ್ಕೆ ಒಂದು ಪಾಲು, ಪದಬಳಕೆಗೆ ಇನ್ನೊಂದು ಪಾಲು. ಪದಬಳಕೆಯಲ್ಲಿ 7ನೇ ಬ್ಯಾಂಡ್ ಬೇಕಾದರೆ ಅಭ್ಯರ್ಥಿಗೆ "ಕೊಲೊಕೇಶನ್"ನ ಅರಿವು ಇರಬೇಕು ಎಂದು ಅದರ ವಿವರಣೆಯಲ್ಲೇ ಬರೆದಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ಬಹುತೇಕರು ಆ ಪದವನ್ನು ಮೊದಲ ಸಲ ಕೇಳುವುದು ಕೋಚಿಂಗ್ ಸೆಂಟರಿನಲ್ಲೇ.

## ಕೊಲೊಕೇಶನ್ ಅಂದರೆ

ಜೊತೆಗೂಡಿಯೇ ಬರುವ ರೂಢಿ ಬಿದ್ದ ಪದಗಳಿಗೆ ಕೊಲೊಕೇಶನ್ ಎನ್ನುತ್ತಾರೆ. ನಾವು ಇಲ್ಲಿ ಪದಜೋಡಿ ಎನ್ನೋಣ. ಇದು ನುಡಿಗಟ್ಟಲ್ಲ. "ಕಣ್ಣಿಗೆ ಮಣ್ಣೆರಚು" ಎಂಬಲ್ಲಿ ಕಣ್ಣೂ ಇಲ್ಲ, ಮಣ್ಣೂ ಇಲ್ಲ, ಅರ್ಥ ಬೇರೆಲ್ಲೋ ಇದೆ. ಪದಜೋಡಿಯಲ್ಲಿ ಅಂಥ ಗುಟ್ಟಿಲ್ಲ, ಬಿಡಿ ಪದಗಳು ಗೊತ್ತಿದ್ದರೆ ಜೋಡಿಯೂ ಅರ್ಥವಾಗುತ್ತದೆ. ತೊಡಕು ಬರುವುದು ನಾವೇ ಹೇಳುವಾಗ, ಯಾವ ಪದಕ್ಕೆ ಯಾವುದು ಜೊತೆ ಎಂದು ಆರಿಸಬೇಕಾದಾಗ.

ಕನ್ನಡದಲ್ಲಿ ಈ ಆಯ್ಕೆಯನ್ನು ನಾವು ದಿನವಿಡೀ ಯೋಚಿಸದೆ ಮಾಡುತ್ತೇವೆ. "ಕಡು ಬಡವ" ಎನ್ನುತ್ತೇವೆ, "ಕಡು ಶ್ರೀಮಂತ" ಎನ್ನುವುದಿಲ್ಲ, ಅವನು "ಆಗರ್ಭ ಶ್ರೀಮಂತ". "ಬದ್ಧ ವೈರಿ" ಉಂಟು, "ಬದ್ಧ ಗೆಳೆಯ" ಇಲ್ಲ. ಬಾಗಿಲು ಹಾಕು ಅಂದರೆ ಮುಚ್ಚಬೇಕು, ಲೈಟ್ ಹಾಕು ಅಂದರೆ ಉರಿಸಬೇಕು. ಕ್ರಿಯಾಪದ ಒಂದೇ, ಕೆಲಸ ತದ್ವಿರುದ್ಧ. ಬೆಂಗಳೂರಿಗೆ ಬಂದು ಕನ್ನಡ ಕಲಿಯುವವರು ಇಂಥ ಕಡೆ ಮುಗ್ಗರಿಸುವುದನ್ನು ನೋಡಿದ್ದೀರಿ. ಇಂಗ್ಲಿಷಿನಲ್ಲಿ ನಾವು ಮುಗ್ಗರಿಸುವುದೂ ಅದೇ ಥರದ ಹೊಸ್ತಿಲಲ್ಲಿ.

ಪದಜೋಡಿಗಳನ್ನು ಅಧ್ಯಯನದ ವಿಷಯವಾಗಿ ಮೊದಲು ಗಂಭೀರವಾಗಿ ತೆಗೆದುಕೊಂಡವರು ಇಂಗ್ಲಿಷನ್ನು ಪರಭಾಷಿಕರಿಗೆ ಕಲಿಸುತ್ತಿದ್ದವರು ಎಂಬುದು ಗಮನಿಸುವಂಥದ್ದು. ಟೋಕಿಯೊದಲ್ಲಿದ್ದ ಹೆರಾಲ್ಡ್ ಪಾಮರ್ 1933ರಲ್ಲಿ ಜಪಾನಿ ಕಲಿಕೆದಾರರಿಗಾಗಿ ಇಂಗ್ಲಿಷ್ ಪದಜೋಡಿಗಳ ದೊಡ್ಡ ವರದಿಯೊಂದನ್ನು ಹೊರತಂದರು. ಅವರ ಜೊತೆ ಕೆಲಸ ಮಾಡಿದ ಎ. ಎಸ್. ಹಾರ್ನ್‌ಬಿ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಜಪಾನಿನಲ್ಲೇ ಅಚ್ಚಾಯಿತು. 1948ರಲ್ಲಿ ಅದನ್ನು ಆಕ್ಸ್‌ಫರ್ಡ್ ಪ್ರೆಸ್ ಮರುಮುದ್ರಿಸಿತು. ಇವತ್ತು ನಮ್ಮ ಕಾಲೇಜು ಹುಡುಗರ ಕೈಯಲ್ಲಿರುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಅದೇ. ಕೊಲೊಕೇಶನ್ ಎಂಬ ಪದಕ್ಕೆ ಭಾಷಾಶಾಸ್ತ್ರದಲ್ಲಿ ಜಾಗ ಮಾಡಿಕೊಟ್ಟ ಜೆ. ಆರ್. ಫರ್ತ್ ಕೂಡ 1919ರಿಂದ 1928ರವರೆಗೆ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಪದದ ಗುರುತು ಸಿಗುವುದು ಅದರ ಸಹವಾಸದಿಂದ ಎಂಬುದು 1957ರಲ್ಲಿ ಅವರು ಹೇಳಿದ ಮಾತು. ಸಹವಾಸದಿಂದ ಸನ್ಯಾಸಿ ಕೆಟ್ಟ ಎನ್ನುವ ನಮಗೆ ಅದು ಬೇಗ ತಲೆಗೆ ಹತ್ತಬೇಕು.

## ಹೀಗೇ ಯಾಕೆ ಎಂದು ಕೇಳಿದರೆ

ಕನ್ನಡದ "ಜೋರು" ತೆಗೆದುಕೊಳ್ಳಿ. ಜೋರು ಮಳೆ, ಜೋರು ಗಾಳಿ, ಜೋರು ಜ್ವರ, ಜೋರು ದನಿ, ಜೋರು ವ್ಯಾಪಾರ. ನಮಗೆ ಒಂದೇ ಪದ ಸಾಕು. ಇಂಗ್ಲಿಷಿನಲ್ಲಿ ಮಳೆ "ಹೆವಿ", ಗಾಳಿ "ಸ್ಟ್ರಾಂಗ್", ಜ್ವರ "ಹೈ", ದನಿ "ಲೌಡ್", ವ್ಯಾಪಾರ "ಬ್ರಿಸ್ಕ್". "ಸ್ಟ್ರಾಂಗ್ ರೇನ್" ಅಂದರೆ ಅರ್ಥವಾಗದೆ ಹೋಗುವುದಿಲ್ಲ, ಆದರೆ ಇಂಗ್ಲಿಷಿನವರ ಕಿವಿಗೆ ಒಡೆದು ಕೇಳುತ್ತದೆ. ಹಾಗೆಯೇ ಚಹಾ "ಸ್ಟ್ರಾಂಗ್" ಆಗಬಹುದು, "ಪವರ್‌ಫುಲ್" ಆಗಲಾರದು. ಕಂಪ್ಯೂಟರ್ "ಪವರ್‌ಫುಲ್" ಆಗಬಹುದು, ಅದಕ್ಕೆ "ಸ್ಟ್ರಾಂಗ್" ಹೊಂದುವುದಿಲ್ಲ. ಎರಡೂ ಪದದ ಅರ್ಥ ಹೆಚ್ಚುಕಡಿಮೆ ಒಂದೇ ಆಗಿದ್ದರೂ ಹೀಗೆ.

ಇದಕ್ಕೆ ನಿಯಮ ಹುಡುಕಿದರೆ ಸಿಗುವುದು ಕಷ್ಟ. ಶಾಲೆಯ ಮೈದಾನದಲ್ಲಿ ಮಕ್ಕಳು ಅಡ್ಡಹಾಯ್ದು ಓಡಾಡಿ ಒಂದು ಕಾಲುದಾರಿ ಬೀಳುತ್ತದಲ್ಲ, ಪದಜೋಡಿ ಆಗುವುದು ಹಾಗೆ. ನಕ್ಷೆ ಹಾಕಿ ಮಾಡಿದ್ದಲ್ಲ, ಅಲ್ಲೇ ಯಾಕೆ ಬಿತ್ತು ಎಂದರೆ ಬಹಳ ಜನ ಅಲ್ಲಿ ನಡೆದರು, ಅಷ್ಟೆ. ಪಕ್ಕದಲ್ಲಿ ನಡೆಯಬಾರದೆಂದಿಲ್ಲ, ಆದರೆ ಅಲ್ಲಿ ಹುಲ್ಲು ಬೆಳೆದಿರುತ್ತದೆ.

ಜನ ಎಲ್ಲಿ ನಡೆದಿದ್ದಾರೆ ಎಂಬುದನ್ನು ಈಗ ಕಂಪ್ಯೂಟರ್ ಎಣಿಸಿ ಹೇಳುತ್ತದೆ. ಪತ್ರಿಕೆ, ಪುಸ್ತಕ, ಮಾತುಕತೆಗಳಿಂದ ಆಯ್ದು ಕೂಡಿಸಿಟ್ಟ ಭಾರೀ ಪಠ್ಯಸಂಗ್ರಹಕ್ಕೆ ಕಾರ್ಪಸ್ ಎನ್ನುತ್ತಾರೆ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ 10 ಕೋಟಿ ಪದಗಳಿವೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ನೇತೃತ್ವದ ತಂಡ ಇಂಥ ಸಂಗ್ರಹವನ್ನು ಆಧರಿಸಿ 1987ರಲ್ಲಿ ಕೊಬಿಲ್ಡ್ ನಿಘಂಟನ್ನು ಹೊರತಂದಿತು. ಅಲ್ಲಿಂದ ಮುಂದೆ ಕಲಿಕೆದಾರರ ನಿಘಂಟುಗಳೆಲ್ಲ ಪಂಡಿತರ ನೆನಪನ್ನು ಬಿಟ್ಟು ಎಣಿಕೆಯನ್ನು ನೆಚ್ಚಿದವು. ಮೇಲ್‌ನಲ್ಲಿ ಗೆರೆ ಎಳೆಯುವ ತಂತ್ರಾಂಶಗಳೂ ಕಲಿತಿರುವುದು ಹೀಗೆ ಕೂಡಿಟ್ಟ ಅಪಾರ ಬರಹಗಳಿಂದಲೇ.

## ಮಾಡು, ಹಾಕು, ಬರೆ

ಕನ್ನಡಿಗರ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಎಡವುವ ಜಾಗ ಇದು, ಹಾಗಾಗಿ ಸ್ವಲ್ಪ ನಿಧಾನಿಸೋಣ. ನಮ್ಮ "ಮಾಡು" ಒಂದು ಕಡೆ ನಿಂತರೆ ಅದರೆದುರು ಇಂಗ್ಲಿಷಿನ "ಡೂ", "ಮೇಕ್", "ಹ್ಯಾವ್", "ಟೇಕ್" ನಾಲ್ಕೂ ನಿಲ್ಲುತ್ತವೆ.

ತಪ್ಪು ಮಾಡಿದೆ ಎನ್ನಲು "ಐ ಡಿಡ್ ಎ ಮಿಸ್ಟೇಕ್" ಎನ್ನುತ್ತೇವೆ. ಇಂಗ್ಲಿಷಿನವರು "ಮೇಡ್ ಎ ಮಿಸ್ಟೇಕ್" ಎನ್ನುತ್ತಾರೆ. ಸ್ಥೂಲವಾಗಿ ನೋಡಿದರೆ, ಮಾಡಿದ ಮೇಲೆ ಮೊದಲು ಇಲ್ಲದಿದ್ದ ಏನೋ ಒಂದು ಹುಟ್ಟಿಕೊಂಡರೆ "ಮೇಕ್": ಕೇಕ್, ಸದ್ದು, ಯೋಜನೆ, ಮಾತು ಕೊಡುವುದು, ತೀರ್ಮಾನ, ತಪ್ಪು. ಕೆಲಸವೇ ಮುಖ್ಯವಾಗಿ, ಹೊಸದೇನೂ ಹುಟ್ಟದಿದ್ದರೆ "ಡೂ": ಹೋಮ್‌ವರ್ಕ್, ಪಾತ್ರೆ ತೊಳೆಯುವುದು, ವ್ಯಾಯಾಮ, ಡ್ಯೂಟಿ, ಉಪಕಾರ. ಈ ಅಂದಾಜು ಬಹಳ ದೂರ ಕೈಹಿಡಿಯುತ್ತದೆ, ಪೂರ್ತಿ ದೂರ ಅಲ್ಲ. ಫೋನ್ ಕಾಲ್ "ಮೇಕ್" ಆಗುತ್ತದೆ, ಸರಿ, ಅದನ್ನು ಹೇಗೋ ಒಪ್ಪಬಹುದು. ಹಾನಿ ಹೊಸದಾಗಿ ಹುಟ್ಟಿದರೂ "ಡೂ ಡ್ಯಾಮೇಜ್" ಎನ್ನುತ್ತಾರಲ್ಲ, ಅದಕ್ಕೆ ಕಾಲುದಾರಿ ಅಲ್ಲಿ ಬಿದ್ದಿದೆ ಎನ್ನುವುದೇ ಉತ್ತರ.

ದೇಹಕ್ಕೆ, ಬಿಡುವಿಗೆ, ಸಂತೋಷಕ್ಕೆ ಸಂಬಂಧಪಟ್ಟ "ಮಾಡು"ಗಳು "ಹ್ಯಾವ್" ಕಡೆ ಹೋಗುತ್ತವೆ. ಊಟ ಮಾಡುವುದು "ಹ್ಯಾವ್ ಲಂಚ್", ಪಾರ್ಟಿ ಮಾಡುವುದು "ಹ್ಯಾವ್ ಎ ಪಾರ್ಟಿ". ಸ್ನಾನಕ್ಕೆ ಬ್ರಿಟನ್ನಿನವರು "ಹ್ಯಾವ್", ಅಮೆರಿಕದವರು "ಟೇಕ್" ಬಳಸುವುದು ಹೆಚ್ಚು. ತೀರ್ಮಾನವೂ ಹಾಗೇ. "ಮೇಕ್ ಎ ಡಿಸಿಷನ್" ಎಲ್ಲ ಕಡೆ ನಡೆಯುತ್ತದೆ, "ಟೇಕ್ ಎ ಡಿಸಿಷನ್" ಬ್ರಿಟಿಷರಲ್ಲಿ ನಡೆಯುತ್ತದೆ. ನಮ್ಮ "ತೀರ್ಮಾನ ತಗೊಂಡ್ರು" ಎಂಬುದಕ್ಕೆ ಅದು ಸರಿಹೋಗುವುದರಿಂದ ಇಲ್ಲಿ ಕನ್ನಡವೇ ನಮ್ಮನ್ನು ಕಾಪಾಡುತ್ತದೆ.

"ಹಾಕು" ಇನ್ನೂ ಮಜವಾದ ಪದ. ಅರ್ಜಿ ಹಾಕುತ್ತೇವೆ, ಕೇಸ್ ಹಾಕುತ್ತೇವೆ, ವೋಟು ಹಾಕುತ್ತೇವೆ, ಬೀಗ ಹಾಕುತ್ತೇವೆ, ರಜೆಯನ್ನೂ ಹಾಕುತ್ತೇವೆ. ಆ ಕೊನೆಯದರಿಂದಲೇ ನಮ್ಮ ಆಫೀಸುಗಳಲ್ಲಿ "ಐ ಹ್ಯಾವ್ ಪುಟ್ ಲೀವ್" ಎಂಬ ವಾಕ್ಯ ಹುಟ್ಟಿದ್ದು. ಇಂಗ್ಲಿಷಿನಲ್ಲಿ ಅರ್ಜಿಯನ್ನು "ಸಬ್ಮಿಟ್", ಕೇಸನ್ನು "ಫೈಲ್", ವೋಟನ್ನು "ಕ್ಯಾಸ್ಟ್", ರಜೆಯನ್ನು "ಟೇಕ್" ಮಾಡುತ್ತಾರೆ. ಬೀಗಕ್ಕೆ "ಲಾಕ್" ಎಂಬ ಒಂದೇ ಕ್ರಿಯಾಪದ ಸಾಕು.

ಪರೀಕ್ಷೆ ನಾವು ಬರೆಯುತ್ತೇವೆ, ಹಾಗಾಗಿ "ರೈಟ್ ದಿ ಎಕ್ಸಾಮ್". ಹಿಂದಿಯವರಲ್ಲಿ ಪರೀಕ್ಷೆ ಕೊಡುವುದರಿಂದ ಅವರದು "ಗಿವ್ ದಿ ಎಕ್ಸಾಮ್". ಬ್ರಿಟನ್, ಅಮೆರಿಕದಲ್ಲಿ "ಟೇಕ್ ಆ್ಯನ್ ಎಕ್ಸಾಮ್". ಕೆನಡಾದವರು ಮಾತ್ರ ನಮ್ಮ ಹಾಗೆ "ರೈಟ್" ಎನ್ನುತ್ತಾರೆ. ಟೊರಾಂಟೊಗೆ ಓದಲು ಹೋದ ಹುಡುಗರು ಇದೊಂದನ್ನು ತಿದ್ದಿಕೊಳ್ಳಬೇಕಿಲ್ಲ.

ಹೊತ್ತಿನ ಪದಗಳಲ್ಲೂ ಇಂಥದೊಂದು ಅಡ್ಡಾದಿಡ್ಡಿ ಇದೆ. ನಿನ್ನೆ ಬೆಳಿಗ್ಗೆ "ಯೆಸ್ಟರ್‌ಡೇ ಮಾರ್ನಿಂಗ್", ಅದು ಸರಿ. ನಿನ್ನೆ ರಾತ್ರಿ ಮಾತ್ರ "ಲಾಸ್ಟ್ ನೈಟ್". ಇವತ್ತು ಬೆಳಿಗ್ಗೆ "ದಿಸ್ ಮಾರ್ನಿಂಗ್", "ಟುಡೇ ಮಾರ್ನಿಂಗ್" ಅಲ್ಲ.

## ಬಗ್ಗೆ, ಮೇಲೆ, ಜೊತೆ

ಮೊದಲಿನ "ಡಿಸ್ಕಸ್ ಅಬೌಟ್" ವಿಷಯಕ್ಕೆ ಬರೋಣ. "ಇದರ ಬಗ್ಗೆ ಚರ್ಚಿಸೋಣ" ಎನ್ನುವ ನಮಗೆ "ಬಗ್ಗೆ" ಬಿಟ್ಟರೆ ವಾಕ್ಯ ಕುಂಟುತ್ತದೆ. ಇಂಗ್ಲಿಷಿನಲ್ಲಿ "ಡಿಸ್ಕಸ್" ಎಂಬ ಕ್ರಿಯಾಪದದ ಹೊಟ್ಟೆಯಲ್ಲೇ ಆ "ಬಗ್ಗೆ" ಸೇರಿಕೊಂಡಿದೆ. "ಡಿಸ್ಕಸ್ ದಿ ಇಶ್ಯೂ", ಅಷ್ಟೇ.

ಗೊಂದಲ ಹೆಚ್ಚಿಸುವುದು ಅದರ ನಾಮಪದ. "ಎ ಡಿಸ್ಕಷನ್ ಅಬೌಟ್ ದಿ ಇಶ್ಯೂ" ಪೂರ್ತಿ ಸರಿ. ಇಂಥ ಪದಗಳ ಒಂದು ಗುಂಪೇ ಇದೆ. ನಾಮಪದವಾಗಿದ್ದಾಗ ಬಾಲ ಬೇಕು, ಕ್ರಿಯಾಪದವಾದಾಗ ಬಾಲ ಬೇಡ. "ಎ ರಿಕ್ವೆಸ್ಟ್ ಫಾರ್ ಎ ರೀಫಂಡ್" ಸರಿ, ಆದರೆ "ಐ ರಿಕ್ವೆಸ್ಟೆಡ್ ಎ ರೀಫಂಡ್". "ಆ್ಯನ್ ಆರ್ಡರ್ ಫಾರ್ ಟೂ ದೋಸಾಸ್" ಸರಿ, ಆದರೆ "ಐ ಆರ್ಡರ್ಡ್ ಟೂ ದೋಸಾಸ್". "ಎಂಫಸಿಸ್ ಆನ್" ಮತ್ತು "ಎಂಫಸೈಸ್", "ಎ ವಿಸಿಟ್ ಟು" ಮತ್ತು "ವಿಸಿಟ್", "ಲ್ಯಾಕ್ ಆಫ್" ಮತ್ತು "ಲ್ಯಾಕ್", ಎಲ್ಲಕ್ಕೂ ಇದೇ ನಡೆ. ಈ ಒಂದು ಸೂತ್ರ ಕಚೇರಿ ಮೇಲ್‌ಗಳ ಅರ್ಧ ತಪ್ಪನ್ನು ಅಳಿಸುತ್ತದೆ ಎಂಬುದು ನನ್ನ ಅಂದಾಜು. ಎಲ್ಲ ಕ್ರಿಯಾಪದಕ್ಕೂ ಇದನ್ನು ಹಚ್ಚಲು ಹೋಗಬೇಡಿ. "ಅಪ್ಲೈ ಫಾರ್", "ಡಿಪೆಂಡ್ ಆನ್" ಇವಕ್ಕೆ ಕ್ರಿಯಾಪದವಾಗಿಯೂ ಬಾಲ ಬೇಕೇ ಬೇಕು.

ಕೆಲವು ಕಡೆ ಬಾಲ ಇರುತ್ತದೆ, ನಾವು ಹಚ್ಚಿದ ಬಾಲ ಬೇರೆಯಾಗಿರುತ್ತದೆ. ಅವನ ಮೇಲೆ ಕೋಪ ಎಂದು "ಆ್ಯಂಗ್ರಿ ಆನ್ ಹಿಮ್" ಎನ್ನುತ್ತೇವೆ, ಅದು "ಆ್ಯಂಗ್ರಿ ವಿತ್ ಹಿಮ್" ಆಗಬೇಕು. ಡಾಕ್ಟರ್ ಜೊತೆ ಮದುವೆ ಆಯ್ತು ಎಂದು "ಮ್ಯಾರೀಡ್ ವಿತ್ ಎ ಡಾಕ್ಟರ್" ಎನ್ನುತ್ತೇವೆ, ಅದು "ಮ್ಯಾರೀಡ್ ಟು". ಬಸ್ಸಲ್ಲಿ, ಕಾರಲ್ಲಿ, ಮನೇಲಿ ಮೂರಕ್ಕೂ ನಮಗೆ "ಅಲ್ಲಿ" ಒಂದೇ. ಇಂಗ್ಲಿಷಿನಲ್ಲಿ "ಆನ್ ದಿ ಬಸ್", "ಇನ್ ದಿ ಕಾರ್", "ಆ್ಯಟ್ ಹೋಮ್". ಒಳಗೆ ಎದ್ದು ಓಡಾಡಬಹುದಾದ ಬಸ್ಸು, ರೈಲು, ವಿಮಾನಕ್ಕೆ "ಆನ್", ಕೂತೇ ಇರಬೇಕಾದ ಕಾರು, ಆಟೋಗೆ "ಇನ್" ಎಂದು ನೆನಪಿಟ್ಟುಕೊಂಡರೆ ಸಾಮಾನ್ಯವಾಗಿ ತಪ್ಪುವುದಿಲ್ಲ.

"ಸಜೆಸ್ಟ್ ಮಿ ಎ ಗುಡ್ ಹೋಟೆಲ್", "ಎಕ್ಸ್‌ಪ್ಲೇನ್ ಮಿ ದಿಸ್" ಎಂಬುವೂ ಇದೇ ಮನೆತನದವು. "ನನಗೆ ಹೇಳಿ", "ನನಗೆ ಕೊಡಿ", "ನನಗೆ ವಿವರಿಸಿ" ಎಲ್ಲದರಲ್ಲೂ "ನನಗೆ" ಒಂದೇ ಆಗಿರುವುದರಿಂದ ಎಲ್ಲ ಕಡೆ "ಮಿ" ಹಾಕಿಬಿಡುತ್ತೇವೆ. "ಟೆಲ್ ಮಿ", "ಗಿವ್ ಮಿ", "ಶೋ ಮಿ" ಸರಿ. "ಎಕ್ಸ್‌ಪ್ಲೇನ್", "ಸಜೆಸ್ಟ್", "ಡಿಸ್ಕ್ರೈಬ್", "ಸೇ" ಇವುಗಳಿಗೆ ಹೀಗೆ ನೇರವಾಗಿ "ಮಿ" ಅಂಟುವುದಿಲ್ಲ. "ಎಕ್ಸ್‌ಪ್ಲೇನ್ ದಿಸ್ ಟು ಮಿ" ಎನ್ನಬೇಕು. ಹೋಟೆಲಿನ ವಿಷಯಕ್ಕೆ "ಕ್ಯಾನ್ ಯು ಸಜೆಸ್ಟ್ ಎ ಗುಡ್ ಹೋಟೆಲ್" ಎಂದರೆ ಮುಗಿಯಿತು, ಯಾರಿಗೆ ಎಂಬುದು ಅವರಿಗೇ ಗೊತ್ತಾಗುತ್ತದೆ.

## ಎರಡು ವರ್ಷದಿಂದ ಬೆಂಗಳೂರಲ್ಲಿದ್ದೀನಿ

ಈ ಸರಳ ವಾಕ್ಯದಲ್ಲಿ ಎರಡು ಬಲೆಗಳಿವೆ. "ಐ ಆ್ಯಮ್ ಇನ್ ಬ್ಯಾಂಗಲೋರ್ ಸಿನ್ಸ್ ಟೂ ಇಯರ್ಸ್" ಎಂದಾಗ ಎರಡರಲ್ಲೂ ಸಿಕ್ಕಿಬೀಳುತ್ತೇವೆ.

"2022ರಿಂದ" ಎಂದಾಗಲೂ "ಇಂದ", "ಎರಡು ವರ್ಷದಿಂದ" ಎಂದಾಗಲೂ "ಇಂದ". ಮೊದಲನೆಯದು ಶುರುವಾದ ಹೊತ್ತು, ಎರಡನೆಯದು ಅವಧಿಯ ಉದ್ದ. ಕನ್ನಡ ಇವೆರಡನ್ನು ಬೇರೆ ಮಾಡುವುದಿಲ್ಲ, ಇಂಗ್ಲಿಷ್ ಮಾಡುತ್ತದೆ. ಶುರುವಾದ ಹೊತ್ತಿಗೆ "ಸಿನ್ಸ್", ಉದ್ದಕ್ಕೆ "ಫಾರ್". ಕ್ಯಾಲೆಂಡರ್ ಮೇಲೋ ಗಡಿಯಾರದ ಮೇಲೋ ಬೆರಳಿಟ್ಟು ತೋರಿಸಬಹುದಾದರೆ "ಸಿನ್ಸ್": ಸೋಮವಾರ, 2022, ಬೆಳಿಗ್ಗೆ ಹತ್ತು ಗಂಟೆ. ಎಣಿಸಿ ಹೇಳುವಂತಿದ್ದರೆ "ಫಾರ್": ಎರಡು ವರ್ಷ, ಮೂರು ದಿನ.

ಎರಡನೇ ಬಲೆ "ಆ್ಯಮ್". ಈಗಲೂ ಇಲ್ಲೇ ಇರುವುದರಿಂದ ನಮಗೆ "ಇದ್ದೀನಿ" ಸಾಕು. ಹಿಂದೆ ಶುರುವಾಗಿ ಇನ್ನೂ ಮುಂದುವರಿದಿರುವ ಸಂಗತಿಗೆ ಇಂಗ್ಲಿಷಿನಲ್ಲಿ "ಹ್ಯಾವ್ ಬೀನ್" ಬೇಕು. "ಐ ಹ್ಯಾವ್ ಬೀನ್ ಇನ್ ಬ್ಯಾಂಗಲೋರ್ ಫಾರ್ ಟೂ ಇಯರ್ಸ್."

ಇದರ ಬೆನ್ನಿಗೇ ಇನ್ನೊಂದು ಬರುತ್ತದೆ. "ನಿನ್ನೆನೇ ದುಡ್ಡು ಕಳಿಸಿದ್ದೀನಿ" ಕನ್ನಡದಲ್ಲಿ ಚೆಂದ. ಅದನ್ನೇ "ಐ ಹ್ಯಾವ್ ಸೆಂಟ್ ದಿ ಮನಿ ಯೆಸ್ಟರ್‌ಡೇ" ಎಂದರೆ ಇಂಗ್ಲಿಷ್ ಒಪ್ಪುವುದಿಲ್ಲ. ಯಾವಾಗ ಎಂಬುದಕ್ಕೆ ವಾಕ್ಯದಲ್ಲೇ ಉತ್ತರ ಇದ್ದರೆ "ಹ್ಯಾವ್" ಬಿಟ್ಟುಬಿಡಿ: "ಐ ಸೆಂಟ್ ದಿ ಮನಿ ಯೆಸ್ಟರ್‌ಡೇ". ಯಾವಾಗ ಎಂದು ಹೇಳದೆ, ಕಳಿಸಿ ಆಗಿದೆ ಎಂದಷ್ಟೇ ಹೇಳುವಾಗ "ಐ ಹ್ಯಾವ್ ಸೆಂಟ್ ದಿ ಮನಿ".

## "ನನಗೆ" ಇದ್ದರೆ "ಇಂಗ್" ಬೇಡ

"ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್", "ಐ ಆ್ಯಮ್ ನೋಯಿಂಗ್ ಹಿಮ್". ಈ ತಪ್ಪಿಗೆ ಮಾತ್ರ ಕನ್ನಡವನ್ನು ದೂರುವಂತಿಲ್ಲ. "ನನಗೆ ಅವನು ಗೊತ್ತು" ಎನ್ನುತ್ತೇವೆಯೇ ಹೊರತು ಗೊತ್ತಿನ ಮೇಲೆ "ಉತ್ತಿದೆ" ಹೇರುವುದಿಲ್ಲ. ಸ್ಪೋಕನ್ ಇಂಗ್ಲಿಷ್ ಕಲಿಯುವಾಗ "ಇಂಗ್" ಹಚ್ಚಿದರೆ ಮಾತಿಗೆ ಠೀವಿ ಬರುತ್ತದೆ ಎಂಬ ಭ್ರಮೆ ಎಲ್ಲಿಂದಲೋ ಅಂಟಿಕೊಂಡಿದೆ.

ನಡೆಯುತ್ತಿರುವ ಕೆಲಸಕ್ಕೆ "ಇಂಗ್" ಬರುತ್ತದೆ, ಸುಮ್ಮನೆ ಇರುವ ಸ್ಥಿತಿಗೆ ಬರುವುದಿಲ್ಲ. ಯಾವುದು ಕೆಲಸ, ಯಾವುದು ಸ್ಥಿತಿ ಎಂದು ತಿಳಿಯಲು ನಮ್ಮ ಭಾಷೆಯಲ್ಲೇ ಒಳ್ಳೆಯ ಸುಳಿವಿದೆ. "ನಾನು" ಎಂದು ಶುರು ಮಾಡುತ್ತೀರೋ, "ನನಗೆ" ಎಂದೋ? ನಾನು ಓಡುತ್ತೇನೆ, ನಾನು ಬರೆಯುತ್ತೇನೆ. ಆದರೆ ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ, ನನಗೆ ನೆನಪಿದೆ, ನನಗೆ ಅರ್ಥವಾಗುತ್ತದೆ, ನನಗೆ ಇಬ್ಬರು ಅಣ್ಣಂದಿರಿದ್ದಾರೆ. ಎರಡನೇ ಗುಂಪಿಗೆ ಇಂಗ್ಲಿಷಿನಲ್ಲಿ "ನೋ", "ವಾಂಟ್", "ಲೈಕ್", "ರಿಮೆಂಬರ್", "ಅಂಡರ್‌ಸ್ಟ್ಯಾಂಡ್", "ಹ್ಯಾವ್". ಇವು ಸಾಮಾನ್ಯವಾಗಿ "ಇಂಗ್" ಹತ್ತಿರ ಸೇರಿಸುವುದಿಲ್ಲ. "ನನಗೆ ಹಸಿವಾಗ್ತಿದೆ" ಎಂಬಂಥ ಕೆಲವು ಈ ಸೂತ್ರವನ್ನು ಮೀರುತ್ತವೆ, "ಐ ಆ್ಯಮ್ ಫೀಲಿಂಗ್ ಹಂಗ್ರಿ" ತಪ್ಪಲ್ಲ. "ಐ ಆ್ಯಮ್ ಹ್ಯಾವಿಂಗ್ ಲಂಚ್" ಕೂಡ ಸರಿಯೇ. ಅಲ್ಲಿ ಊಟ ನನ್ನ ಬಳಿ ಇದೆ ಎಂದಲ್ಲ, ನಾನು ಉಣ್ಣುತ್ತಿದ್ದೇನೆ.

## ಎ, ಆ್ಯನ್, ದಿ

ಕನ್ನಡದಲ್ಲಿ ಇವಿಲ್ಲ, ಹಾಗಾಗಿ ಎಷ್ಟು ಓದಿದವರಿಗೂ ಕೈಕೊಡುತ್ತವೆ. ಕೇಳುವವರಿಗೆ ಯಾವುದು ಎಂದು ಗೊತ್ತಿದ್ದರೆ "ದಿ", ಗೊತ್ತಿಲ್ಲದಿದ್ದರೆ "ಎ" ಎಂಬುದು ಮೂಲ ತತ್ವ. ನಮ್ಮಲ್ಲೂ ಇದರ ನೆರಳು ಇದೆ. "ಪುಸ್ತಕ ಓದಿದೆ" ಎಂದರೆ ಯಾವುದೋ ಪುಸ್ತಕ. "ಪುಸ್ತಕವನ್ನು ಓದಿದೆ" ಎಂದರೆ ಸಾಮಾನ್ಯವಾಗಿ ನಮಗಿಬ್ಬರಿಗೂ ಗೊತ್ತಿರುವ ಆ ಪುಸ್ತಕ.

"ಎ" ಮತ್ತು "ಆ್ಯನ್" ನಡುವೆ ಆರಿಸುವುದಕ್ಕೆ ಕನ್ನಡಿಗರಿಗೆ ಬೇರೆಯವರಿಗಿಲ್ಲದ ಅನುಕೂಲ ಇದೆ. ಆಯ್ಕೆ ನಡೆಯುವುದು ಅಕ್ಷರದ ಮೇಲಲ್ಲ, ಉಚ್ಚಾರದ ಮೇಲೆ, ನಮ್ಮ ಲಿಪಿಯೋ ಉಚ್ಚಾರವನ್ನೇ ಬರೆಯುತ್ತದೆ. ಮುಂದಿನ ಪದವನ್ನು ಕನ್ನಡದಲ್ಲಿ ಬರೆದು ನೋಡಿ. ಸ್ವರದಿಂದ ಶುರುವಾದರೆ "ಆ್ಯನ್", ವ್ಯಂಜನದಿಂದಾದರೆ "ಎ". ಅವರ್, ಆದ್ದರಿಂದ "ಆ್ಯನ್ ಅವರ್". ಯೂನಿವರ್ಸಿಟಿ, ಆದ್ದರಿಂದ "ಎ ಯೂನಿವರ್ಸಿಟಿ". "ಆ್ಯನ್ ಎಂಎಲ್ಎ", "ಆ್ಯನ್ ಎಸ್ಸೆಮ್ಮೆಸ್", ಆದರೆ "ಎ ಯುಪಿಐ ಪೇಮೆಂಟ್". ಇದಕ್ಕೊಂದು ಷರತ್ತು ಇದೆ, ಉಚ್ಚಾರ ಸರಿಯಾಗಿ ಬರೆದಿರಬೇಕು. "ಹಾನೆಸ್ಟ್" ಎಂದು ಬರೆದರೆ ಕೆಟ್ಟಿತು, ಅಲ್ಲಿ ಹಕಾರ ಕೇಳುವುದಿಲ್ಲ, "ಆನೆಸ್ಟ್". "ಒನ್ ವೇ" ಎಂದು ಬೋರ್ಡ್ ಬರೆಯುತ್ತೇವೆ, ಉಚ್ಚಾರ "ವನ್", ಹಾಗಾಗಿ "ಎ ವನ್‌ವೇ ರೋಡ್". ಎಂಎಲ್ಎಯನ್ನು "ಯಮ್ಮೆಲ್ಲೆ" ಎನ್ನುವ ನಾಲಿಗೆಯನ್ನೂ ಈ ಲೆಕ್ಕದಿಂದ ಹೊರಗಿಡಬೇಕು.

"ಫರ್ನಿಚರ್ಸ್", "ಲಗೇಜಸ್", "ಇನ್ಫರ್ಮೇಶನ್ಸ್", "ಅಡ್ವೈಸಸ್" ಇವಕ್ಕೆ ಬಹುವಚನ ಇಲ್ಲ, "ಎ"ಯೂ ಇಲ್ಲ. "ಎ ಪೀಸ್ ಆಫ್ ಅಡ್ವೈಸ್" ಎನ್ನುತ್ತಾರೆ.

## ಅಲ್ವಾ, ಅಂತ, ಇಲ್ಲೇ

ಕನ್ನಡದ "ಅಲ್ವಾ" ಯಾವ ವಾಕ್ಯಕ್ಕೂ ಒಗ್ಗುತ್ತದೆ. ಅದರಿಂದ ಬಂದದ್ದು "ಯು ಆರ್ ಕಮಿಂಗ್, ಇಸಂಟ್ ಇಟ್?" ಇಂಗ್ಲಿಷಿನಲ್ಲಿ ಬಾಲ ತಲೆಯನ್ನು ನೋಡಿಕೊಂಡು ಬದಲಾಗುತ್ತದೆ. "ಯು ಆರ್" ಎಂದು ಶುರುವಾದರೆ "ಆರಂಟ್ ಯು", "ಹಿ ಲೈಕ್ಸ್" ಎಂದಾದರೆ "ಡಸಂಟ್ ಹಿ".

"ಬಸ್ ಸ್ಟ್ಯಾಂಡ್ ಎಲ್ಲಿದೆ ಅಂತ ಹೇಳ್ತೀರಾ?" ಎಂಬಲ್ಲಿ ಒಳಗಿನ ಪ್ರಶ್ನೆ ಇದ್ದ ಹಾಗೇ ಇರುತ್ತದೆ, "ಅಂತ" ಅದನ್ನು ಹೊತ್ತುಕೊಂಡು ಬರುತ್ತದೆ. ಇಂಗ್ಲಿಷಿಗೆ "ಅಂತ" ಇಲ್ಲ, ಅದು ಪದಗಳ ಸ್ಥಾನ ಬದಲಿಸಿ ಆ ಕೆಲಸ ಮಾಡುತ್ತದೆ. "ವೇರ್ ಇಸ್ ದಿ ಬಸ್ ಸ್ಟ್ಯಾಂಡ್" ಎಂಬ ಪ್ರಶ್ನೆ ಒಳಗೆ ಹೋದಾಗ "ಕ್ಯಾನ್ ಯು ಟೆಲ್ ಮಿ ವೇರ್ ದಿ ಬಸ್ ಸ್ಟ್ಯಾಂಡ್ ಇಸ್" ಆಗುತ್ತದೆ.

ಇನ್ನು "ಇಲ್ಲೇ ಇದ್ದೀನಿ" ಎಂಬುದರ ಆ "ಏ" ಇಂಗ್ಲಿಷಿಗೆ ದಾಟಿ "ಐ ಆ್ಯಮ್ ಹಿಯರ್ ಓನ್ಲಿ" ಆಗಿದೆ. ಇಂಗ್ಲಿಷಿನಲ್ಲಿ ಒತ್ತು ಕೊಡುವುದು ದನಿಯಿಂದ, "ಹಿಯರ್" ಎಂಬುದನ್ನು ಒತ್ತಿ ಹೇಳಿದರೆ ಸಾಕು.

## ಇಂಡಿಯನ್ ಇಂಗ್ಲಿಷ್ ತಪ್ಪೇ?

"ಪ್ರೀಪೋನ್" 20ನೇ ಶತಮಾನದಲ್ಲಿ ಭಾರತದಲ್ಲಿ ಬೇರೂರಿದ ಪದ. ಆಕ್ಸ್‌ಫರ್ಡ್ ಕಲಿಕೆದಾರರ ನಿಘಂಟಿನಲ್ಲಿ ಈಗ ಇಂಡಿಯನ್ ಇಂಗ್ಲಿಷ್ ಎಂಬ ಗುರುತಿನೊಂದಿಗೆ ಇದೆ. "ಡೂ ದಿ ನೀಡ್‌ಫುಲ್" ನಾವು ಕಟ್ಟಿದ್ದಲ್ಲ, ಬ್ರಿಟಿಷರೇ ಬಳಸಿ ಅಲ್ಲಿ ಮರೆತದ್ದನ್ನು ನಮ್ಮ ಸರ್ಕಾರಿ ಕಡತಗಳು ಉಳಿಸಿಕೊಂಡಿವೆ. ಹುಬ್ಬಳ್ಳಿಯ ಕಚೇರಿಯಿಂದ ಮೈಸೂರಿನ ಕಚೇರಿಗೆ ಹೋಗುವ ಪತ್ರದಲ್ಲಿ ಇವುಗಳಿಂದ ಯಾರಿಗೂ ತೊಂದರೆ ಇಲ್ಲ.

ಅರ್ಥವೇ ಬೇರೆಯಾಗುವ ಕಡೆ ಎಚ್ಚರ ಬೇಕು. "ಐ ಪಾಸ್ಡ್ ಔಟ್ ಇನ್ 2019" ಎಂದರೆ ಹೊರದೇಶದವರು 2019ರಲ್ಲಿ ಪ್ರಜ್ಞೆ ತಪ್ಪಿಬಿದ್ದಿರಿ ಎಂದುಕೊಂಡಾರು, ಅವರಿಗೆ "ಐ ಗ್ರ್ಯಾಜುಯೇಟೆಡ್" ಎನ್ನಬೇಕು. "ರಿವರ್ಟ್" ಎಂದರೆ ಅವರಿಗೆ ಹಳೇ ಸ್ಥಿತಿಗೆ ಮರಳುವುದು, ಉತ್ತರ ಕೊಡುವುದಕ್ಕೆ "ರಿಪ್ಲೈ" ಇದೆ. "ಐ ಹ್ಯಾವ್ ಎ ಡೌಟ್" ಎಂದರೆ ನಂಬಿಕೆ ಇಲ್ಲ ಎಂಬ ಧ್ವನಿ ಬರುತ್ತದೆ, ನಮ್ಮ ಡೌಟು ಅವರ "ಕ್ವೆಶ್ಚನ್".

## ಕಲಿಯುವುದು ಹೇಗೆ

ಕನ್ನಡ ಮಾಧ್ಯಮದಲ್ಲಿ ಓದಿದವರು ಬಾಯಿಪಾಠ ಮಾಡಿದ ರಜಾ ಚೀಟಿಯನ್ನು ನೆನಪಿಸಿಕೊಳ್ಳಿ. "ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್, ಐ ರಿಕ್ವೆಸ್ಟ್ ಯು ಟು ಗ್ರಾಂಟ್ ಮಿ ಲೀವ್ ಫಾರ್ ಟೂ ಡೇಸ್." ಇದರಲ್ಲಿ "ಸಫರ್" ಜೊತೆ "ಫ್ರಮ್" ಬಂದಿದೆ. "ರಿಕ್ವೆಸ್ಟ್" ಕ್ರಿಯಾಪದವಾದ್ದರಿಂದ "ಫಾರ್" ಇಲ್ಲ. ರಜೆಗೆ "ಗ್ರಾಂಟ್" ಸೇರಿದೆ. ಅವಧಿಗೆ "ಸಿನ್ಸ್" ಅಲ್ಲ, "ಫಾರ್" ಇದೆ. ಇಂಗ್ಲಿಷಿನಲ್ಲಿ ಎರಡು ಮಾತಾಡಲು ತಡವರಿಸುವವರೂ ಈ ವಾಕ್ಯವನ್ನು ತಪ್ಪಿಲ್ಲದೆ ಬರೆಯುತ್ತಾರೆ, ಯಾಕೆಂದರೆ ಬಿಡಿ ಪದ ಜೋಡಿಸಿ ಕಟ್ಟಿದ್ದಲ್ಲ, ಇಡಿಯಾಗಿ ಕಲಿತದ್ದು.

ನೋಟ್‌ಬುಕ್ಕಿನಲ್ಲಿ "ಡಿಸಿಷನ್ ಅಂದರೆ ತೀರ್ಮಾನ" ಎಂದು ಬರೆದುಕೊಂಡರೆ ಅರ್ಧ ಕೆಲಸವಷ್ಟೇ ಆಯಿತು. "ಮೇಕ್ ಎ ಡಿಸಿಷನ್", "ರೀಚ್ ಎ ಡಿಸಿಷನ್", "ಎ ಡಿಸಿಷನ್ ಆನ್" ಎಂದು ಜೊತೆಗಾರರ ಸಮೇತ ಬರೆದುಕೊಳ್ಳಬೇಕು. ಹುಡುಕುವಾಗ ನಾಮಪದದಿಂದ ಶುರು ಮಾಡಿ, ಅದಕ್ಕೆ ಯಾವ ಕ್ರಿಯಾಪದ ಎಂದು ನೋಡಿ. ನಾವು ಯೋಚಿಸುವುದೂ ಹಾಗೇ ಅಲ್ಲವೇ, ತೀರ್ಮಾನ ಎಂಬುದು ಮೊದಲೇ ತಲೆಯಲ್ಲಿರುತ್ತದೆ, ತೊಡಕುವುದು ಅದನ್ನು "ಮಾಡುವುದು" ಹೇಗೆ ಎಂಬಲ್ಲಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಮೂರರ ಕಲಿಕೆದಾರರ ನಿಘಂಟುಗಳೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಪದಜೋಡಿಗಳಿಗೇ ಮೀಸಲಾದ ಆಕ್ಸ್‌ಫರ್ಡ್ ಕೊಲೊಕೇಶನ್ಸ್ ಡಿಕ್ಷನರಿ 2002ರಲ್ಲಿ ಬಂತು. 100 ಕೋಟಿ ಪದಗಳಿರುವ ಕಾರ್ಪಸ್ ಆಫ್ ಕಂಟೆಂಪರರಿ ಅಮೆರಿಕನ್ ಇಂಗ್ಲಿಷ್‌ನಲ್ಲಿ ಹೆಸರು ನೋಂದಾಯಿಸಿ ಯಾವ ಜೋಡಿ ಎಷ್ಟು ಸಲ ಬಂದಿದೆ ಎಂದು ನೀವೇ ಎಣಿಸಬಹುದು.

ಗೂಗಲ್‌ನಲ್ಲಿ ಹುಡುಕಿ ಎಷ್ಟು ಫಲಿತಾಂಶ ಬಂತೆಂದು ನೋಡಿ ತೀರ್ಮಾನಿಸುವುದು ಮಾತ್ರ ಅಪಾಯ. "ಡಿಸ್ಕಸ್ ಅಬೌಟ್" ಹುಡುಕಿದರೂ ರಾಶಿ ರಾಶಿ ಸಿಗುತ್ತದೆ, ಬರೆದವರು ನಮ್ಮ ಹಾಗೆ ಇಂಗ್ಲಿಷನ್ನು ಕಲಿತವರೇ ಇರಬಹುದು. ಗೆರೆ ಎಳೆಯುವ ತಂತ್ರಾಂಶದ ಮಾತನ್ನೂ ಪೂರ್ತಿ ನಂಬಬೇಕಿಲ್ಲ. ಅದನ್ನು ಅಮೆರಿಕನ್ ಇಂಗ್ಲಿಷಿಗೆ ಹೊಂದಿಸಿಟ್ಟಿದ್ದರೆ "ಕಲರ್" ಪದದ ಬ್ರಿಟಿಷ್ ಸ್ಪೆಲಿಂಗಿಗೂ ಗೆರೆ ಬೀಳುತ್ತದೆ, ಹಾಗಾಗಿ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆ ಯಾವುದಿದೆ ಎಂದು ನೋಡಿಕೊಳ್ಳಿ.